ಎರಡು ಬಡಿತ, ಆಮೇಲೆ ರಿವರ್ಸು

ನಮ್ಮ ಓಣಿ ಬಾಟಲಿಯ ಹಾಗೆ. ಬಾಯಿ ಕಿರಿದು, ತಳದಲ್ಲಿ ನಮ್ಮ ಮನೆ, ಮನೆಗೆ ಅಂಟಿಕೊಂಡೇ ಲಾಂಡ್ರಿ. ಒಳಗೆ ಬಂದ ವ್ಯಾನಿಗೆ ಮೂತಿ ತಿರುಗಿಸಲು ಜಾಗವಿಲ್ಲ. ಬಂದ ದಾರಿಯಲ್ಲೇ ಹಿಂದೆ ಹಿಂದೆ ಹೋಗಬೇಕು. ಮೂವತ್ತೊಂದು ವರ್ಷದಿಂದ ದಿನಾ ಹಾಗೆ ಹೋಗುತ್ತಿರುವವರು ನಮ್ಮ ಅತ್ತೆ. ಆಸ್ಪತ್ರೆಯ ಬೆಡ್‌ಶೀಟು, ಲಾಡ್ಜಿನ ಟವೆಲ್ಲು, ಎಲ್ಲವನ್ನೂ ಒಗೆದು ಮಡಿಚಿ ಮೂಟೆ ಕಟ್ಟಿದ ಮೇಲೆ ತಲುಪಿಸುವ ಕೆಲಸ ಅವರದು. ಓಣಿಯ ಮಕ್ಕಳು ಅವರಿಗಿಟ್ಟ ಹೆಸರು ರಿವರ್ಸ್ ಅಜ್ಜಿ.

ಮದುವೆಯಾಗಿ ಬಂದ ಹೊಸದರಲ್ಲಿ, ದಿನಾ ಹಿಂದಕ್ಕೆ ಓಡಿಸುವುದು ಕಷ್ಟವಲ್ಲವೇ ಎಂದು ಕೇಳಿದ್ದೆ. "ಮುಂದಕ್ಕೆ ಯಾರು ಬೇಕಾದ್ರೂ ಹೋಗ್ತಾರೆ ಕಣೆ," ಎಂದಿದ್ದರು. "ಹಿಂದಕ್ಕೆ ಹೋಗೋಕೆ ಸ್ವಲ್ಪ ತಲೆ ಬೇಕು."

ಅವರದೊಂದು ಕ್ರಮವಿತ್ತು. ಮೂಟೆ ಏರಿಸಿ, ಹಿಂಬಾಗಿಲು ಹಾಕಿ, ವ್ಯಾನಿನ ಸುತ್ತ ಒಂದು ಸುತ್ತು ಬರುವರು. ಬಗ್ಗಿ ನಾಲ್ಕೂ ಚಕ್ರದ ಅಡಿ ನೋಡುವರು. ಕೊನೆಗೆ ಹಿಂಬಾಗಿಲಿಗೆ ಅಂಗೈಯಿಂದ ಎರಡು ಏಟು: ದಬ್, ದಬ್. ಆ ಸದ್ದಿಗೆ ಓಣಿಯ ಮಕ್ಕಳೆಲ್ಲ ಆಟ ಬಿಟ್ಟು ಹತ್ತಿರದ ಮೆಟ್ಟಿಲು ಹತ್ತಿ "ಹತ್ತಿದೆ!" ಎಂದು ಕೂಗಬೇಕು. ಅತ್ತೆ ಕಾಲನ್ನು ಬ್ರೇಕಿನ ಮೇಲಿಟ್ಟು, ಕಿಟಕಿ ಇಳಿಸಿಕೊಂಡು ಧ್ವನಿಗಳನ್ನು ಎಣಿಸುವರು. ಒಂದು ಕಡಿಮೆಯಾದರೂ ಗಾಡಿ ಅಲ್ಲಾಡುವುದಿಲ್ಲ. ಯಾವ ಮಗುವಿಗೆ ಜ್ವರ, ಯಾವುದು ಅಜ್ಜಿಮನೆಗೆ ಹೋಗಿದೆ ಎಂಬುದು ಹೆತ್ತವರಿಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು. ನನ್ನ ಮಗಳು ಪುಟ್ಟಿಗೆ ಈಗ ಎರಡೂವರೆ. ಅಮ್ಮ ಎಂದ ಮೇಲೆ ಅವಳು ಸ್ಪಷ್ಟವಾಗಿ ಕಲಿತ ಮಾತು "ಹತ್ತಿದೆ." ಅಪ್ಪನ ಸರದಿ ಆಮೇಲೆ ಬಂತು. ಅಪ್ಪನಿಗೆ ಈಗಲೂ ಅದರ ಹೊಟ್ಟೆಕಿಚ್ಚಿದೆ.

ಈ ವರ್ಷ ಅತ್ತೆಯ ಕತ್ತು ಕೈಕೊಟ್ಟಿತು. ಎಲುಬು ಸವೆದಿದೆ, ಭುಜದ ತನಕ ತಿರುಗುತ್ತದೆ, ಅದರಾಚೆಗಿಲ್ಲ ಎಂದರು ಡಾಕ್ಟರು. ವಾಹನ ಬಿಡುವುದು ಒಳ್ಳೆಯದು ಎಂದೂ ಸೇರಿಸಿದರು. ಮನೆಗೆ ಬಂದ ಮೇಲೆ ನನ್ನ ಗಂಡ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ತಾಯಿಗೆ ಹೇಳಿಬಿಟ್ಟರು. "ಎಲ್ಲಾದ್ರೂ ಒಂದೇ ಒಂದು ಸಲ ಏನಾದ್ರೂ ಆಯ್ತು ಅಂದ್ರೆ ಕೀ ನನ್ನ ಹತ್ರ. ಆಮೇಲೆ ಮಾತಿಲ್ಲಮ್ಮ."

ಅತ್ತೆ ಹೂಂ ಎಂದರು, ಅಷ್ಟೆ. ಆ ಕೀ ಅವರಿಗೆ ಏನು ಎಂಬುದು ನನಗೆ ಗೊತ್ತು. ಇಪ್ಪತ್ತೇಳಕ್ಕೆ ಗಂಡನನ್ನು ಕಳೆದುಕೊಂಡವರು. ಕೈಗಾಡಿಯಲ್ಲಿ ಬಟ್ಟೆ ತಳ್ಳುತ್ತಿದ್ದವರು. ಊರೆಲ್ಲ ಬಾಯಿಗೆ ಬಂದದ್ದು ಆಡುತ್ತಿದ್ದಾಗ ಡ್ರೈವಿಂಗ್ ಕಲಿತು, ಮೊದಲ ವ್ಯಾನಿನ ಪಕ್ಕದ ಸೀಟಿನಲ್ಲಿ ಬಟ್ಟೆಬುಟ್ಟಿ ಇಟ್ಟು ಅದರೊಳಗೆ ಮಗನನ್ನು ಕೂರಿಸಿಕೊಂಡು ಓಡಾಡಿದವರು. ಕೀ ಹೋದರೆ ನನ್ನ ಪಕ್ಕದಲ್ಲಿ ಕೂತು ದಿಂಬಿನ ಗವಸು ಮಡಚಬೇಕು. ಅವರ ಮಡಿಕೆ ಯಾವತ್ತೂ ಸೊಟ್ಟ. ಅವರಿಗೂ ಅದು ಗೊತ್ತು.

ಹಿಂದಕ್ಕೊಂದು ಕ್ಯಾಮೆರಾ ಹಾಕಿಸೋಣ ಎಂದು ಹಠ ಹಿಡಿದವಳು ನಾನೇ. ಮೆಕ್ಯಾನಿಕ್ ಬಂದು ಸ್ಟೇರಿಂಗಿನ ಪಕ್ಕ ಅಂಗೈಯಗಲದ ಪರದೆ ಕೂರಿಸಿದ. ತಂತಿ ನೇರ ಬ್ಯಾಟರಿಗೇ ಕೊಟ್ಟಿದ್ದರಿಂದ ಕೀ ಹಾಕದಿದ್ದರೂ ರಿವರ್ಸ್ ಗೇರು ಹಾಕಿದರೆ ಸಾಕು, ಹಿಂದಿನ ನೆಲ ಕಾಣುತ್ತದೆ, ಅದರ ಮೇಲೆ ಹಸಿರು, ಹಳದಿ, ಕೆಂಪು ಗೆರೆಗಳು. "ಟೀವಿ ನೋಡ್ಕೊಂಡು ಗಾಡಿ ಓಡಿಸ್ಬೇಕಾ? ಧಾರಾವಾಹಿ ಎಷ್ಟು ಗಂಟೆಗೆ?" ಎಂದು ಅತ್ತೆ ಅವನ ಕಾಲೆಳೆದರು.

ಆದರೆ ನಾಲ್ಕನೇ ದಿನ ಆ ಪರದೆಯ ಕೆಂಪು ಗೆರೆಯ ಮೇಲೆ ಎದುರುಮನೆಯ ಮಗುವಿನ ಮೂರುಗಾಲಿ ಸೈಕಲ್ಲು ಕಾಣಿಸಿತು. ಅತ್ತೆ ಸುತ್ತು ಬಂದು ಸೀಟಿನಲ್ಲಿ ಕೂತ ಮೇಲೆ ಅದು ಇಳಿಜಾರಿನಲ್ಲಿ ಉರುಳಿಬಂದು ನಿಂತಿತ್ತು. ಕನ್ನಡಿಯಲ್ಲಿ ಅದರ ಸುಳಿವೂ ಇರಲಿಲ್ಲ. ಅಂದಿನಿಂದ ಅವರು ಆ ಪೆಟ್ಟಿಗೆಯನ್ನು ಅಣಕಿಸುವುದು ಬಿಟ್ಟರು. ನನಗೆ ಗೆದ್ದಷ್ಟು ಖುಷಿ. ಆ ಖುಷಿಯಲ್ಲೇ ಬಾಯಿ ಹಾಕಿದೆ. ಮಂಡಿ ಹಿಡಿದುಕೊಂಡು ಬಗ್ಗುತ್ತಿದ್ದವರಿಗೆ, "ಇನ್ನು ಇಳಿದು ಸುತ್ತೋದು ಯಾಕೆ ಅತ್ತೆ? ಎಲ್ಲಾ ಅದೇ ತೋರಿಸುತ್ತಲ್ಲ," ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಮರುದಿನದಿಂದ ಸುತ್ತು ನಿಂತಿತು. ಸುತ್ತಿನ ಜೊತೆ ಬಡಿತವೂ, ಬಡಿತದ ಜೊತೆ ಮಕ್ಕಳ ಕೂಗೂ ನಿಂತವು. ಬೆಳಗ್ಗೆ ಎಷ್ಟು ಪ್ರಶಾಂತವಾಗಿದೆ ಎಂದು ನಾನು ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಆ ಪುಟ ಹರಿಯಬೇಕೆನಿಸುತ್ತದೆ, ಹರಿದಿಲ್ಲ.

ಕ್ಯಾಮೆರಾ ಬಂದ ಹದಿನೇಳನೇ ದಿನ, ಬೆಳಗ್ಗೆ ಒಂಬತ್ತು. ನಾನು ತಾರಸಿಯಲ್ಲಿ ಬೆಡ್‌ಶೀಟು ಹರವುತ್ತಿದ್ದೆ. ಪುಟ್ಟಿ ಕೆಳಗೆ ಅಪ್ಪನ ಹತ್ತಿರ ಇದ್ದಾಳೆಂದು ನನ್ನ ಲೆಕ್ಕ, ಮೇಲೆ ಅಮ್ಮನ ಹತ್ತಿರ ಹೋಗಿದ್ದಾಳೆಂದು ಅವರ ಲೆಕ್ಕ. ವ್ಯಾನು ಚಾಲೂ ಆದ ಸದ್ದು ಕೇಳಿ ಸುಮ್ಮನೆ ಕೆಳಗೆ ನೋಡಿದೆ.

ವ್ಯಾನು ನಿಲ್ಲುವ ಅಂಗಳದಲ್ಲಿ, ನಲ್ಲಿಯ ಹತ್ತಿರ, ಪಕ್ಕದ ಗೋಡೆಗೂ ವ್ಯಾನಿನ ಮೂತಿಯ ಮಗ್ಗುಲಿಗೂ ನಡುವಿನ ಎರಡು ಮೊಳ ಜಾಗದಲ್ಲಿ, ಪುಟ್ಟಿ ಕುಕ್ಕರಗಾಲಲ್ಲಿ ಕೂತು ಕೆಂಪು ಟಬ್ಬಿನಲ್ಲಿ ಗೊಂಬೆಯ ಅಂಗಿ ಒಗೆಯುತ್ತಿದ್ದಳು.

ನಮ್ಮ ಗೇಟು ಓರೆಯಾಗಿದೆ. ಹೊರಬೀಳಲು ಅತ್ತೆ ಮೊದಲೇ ಸ್ಟೇರಿಂಗನ್ನು ಪೂರ್ತಿ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಹಿಂಭಾಗ ಗೇಟಿನ ಕಡೆ ಹೋಗುತ್ತದೆ, ಮೂತಿ ನಲ್ಲಿಯ ಗೋಡೆಯ ಕಡೆ ಬೀಸುತ್ತದೆ. ಮೇಲಿನಿಂದ ನನಗೆ ಎರಡೂ ಒಟ್ಟಿಗೆ ಕಂಡವು: ಪರದೆಯತ್ತ ನೆಟ್ಟ ಅತ್ತೆಯ ಮುಖ, ಹೊರಳುತ್ತಿದ್ದ ಮುಂದಿನ ಚಕ್ರ. ಪರದೆಯಲ್ಲಿ ಹಿಂದಿನ ದಾರಿ ಖಾಲಿಯೇ ಇದ್ದಿರಬೇಕು. ಅದು ಸುಳ್ಳು ಹೇಳಿರಲಿಲ್ಲ.

ಕೂಗಿದೆ. ಅಷ್ಟರಲ್ಲೇ ಕೆಳಗೆ ಬಟ್ಟೆ ಹಿಂಡುವ ಮಷೀನು ಭರ್ರೆನ್ನತೊಡಗಿತ್ತು. ನನ್ನ ಧ್ವನಿ ನನಗೇ ಕೇಳಲಿಲ್ಲ. ಮೆಟ್ಟಿಲಿಳಿದರೆ ಹದಿನೆಂಟು ಮೆಟ್ಟಿಲು. ಅಷ್ಟು ಸಮಯವಿರಲಿಲ್ಲ. ವ್ಯಾನು ಆಗಲೇ ಕದಲಿತ್ತು. ಪಕ್ಕದಲ್ಲಿ ತಗಡಿನ ಖಾಲಿ ಡ್ರಮ್ಮು ಇತ್ತು. ತಲೆ ಯೋಚಿಸಿತೋ ಕೈಯೇ ಯೋಚಿಸಿತೋ, ಇವತ್ತಿಗೂ ಹೇಳಲಾರೆ. ಎರಡು ಏಟು ಹಾಕಿದೆ. ದಬ್, ದಬ್.

ಪುಟ್ಟಿಯ ತಲೆ ಮೇಲೆದ್ದಿತು. ಅಂಗಿ ಬಿಟ್ಟಳು, ಟಬ್ಬು ಬಿಟ್ಟಳು, ಓಡಿದಳು, ಬಾಗಿಲ ಮೆಟ್ಟಿಲು ಏರಿ ಕೈ ಎತ್ತಿ ಬಾಯಿ ತೆರೆದಳು. ಏನೆಂದಳೆಂದು ಕೇಳಿಸದಿದ್ದರೂ ಗೊತ್ತಾಯಿತು.

ಅತ್ತೆಯ ಕಾಲು ಮೂವತ್ತೊಂದು ವರ್ಷದ ಅಭ್ಯಾಸದಂತೆ ಆ ಸದ್ದಿಗೆ ಬ್ರೇಕಿನ ಮೇಲೆ ಬಿದ್ದಿತ್ತು. ವ್ಯಾನು ಗಕ್ಕನೆ ನಿಂತಿತು. ನಾನು ಇಳಿದು ಬಂದಾಗ ಮುಂದಿನ ಚಕ್ರಕ್ಕೆ ಸಿಕ್ಕಿ ಹಪ್ಪಳವಾದ ಕೆಂಪು ಟಬ್ಬು ಪಕ್ಕಕ್ಕೆ ಚಿಮ್ಮಿ ಬಿದ್ದಿತ್ತು. ಸೋಪಿನ ನೀರು ನಿಧಾನ ಹರಿಯುತ್ತಿತ್ತು. ಪುಟ್ಟಿಯನ್ನು ಎತ್ತಿ, ಕೈ, ಕಾಲು, ಬೆರಳು ಒಂದೊಂದೇ ಮುಟ್ಟಿ ನೋಡಿದೆ. ಅವಳು ಗೊಂಬೆಯ ಅಂಗಿಗಾಗಿ ಅಳುತ್ತಿದ್ದಳು.

ಅತ್ತೆ ಎಂಜಿನ್ ಆರಿಸಿ ಇಳಿದರು. ಟಬ್ಬು ನೋಡಿದರು. ಒಳಗೆ ಹೋಗಿ ಇಸ್ತ್ರಿ ಮೇಜಿನ ಮೇಲೆ ಮಗನ ಮುಂದೆ ಕೀ ಇಟ್ಟರು. ನನ್ನ ಗಂಡ ಬಿಳಿಚಿಕೊಂಡಿದ್ದರು. ಕೀಯನ್ನು ಮುಟ್ಟಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆ ಹಾಳು ಕ್ಯಾಮೆರಾ ಪೆಟ್ಟಿಗೆಯನ್ನು ಇವತ್ತೇ ಕಿತ್ತೆಸೆಯುತ್ತೇನೆ ಎಂದಷ್ಟೇ ಅಂದರು.

"ಇಳೀಬೇಡಿ ಅಂದಿದ್ದು ನಾನು," ಎಂದೆ. ಹೇಳದೆ ಇರಲಾಗಲಿಲ್ಲ.

"ನೀನು ಹೇಳ್ದೆ. ಕೇಳಿದ್ದು ನಾನು," ಎಂದರು ಅತ್ತೆ. "ಇಷ್ಟು ವರ್ಷ ಬಡಿದ ಕೈ ನಂದು. ನಿಂದಲ್ಲ."

ಆ ಗಳಿಗೆಯಲ್ಲಿ ನನ್ನನ್ನು ಕೇಳಿದ್ದರೆ ವ್ಯಾನನ್ನೇ ಗುಜರಿಗೆ ಹಾಕಿ ಎನ್ನುತ್ತಿದ್ದೆ. ಅತ್ತೆಯ ತಪ್ಪಲ್ಲ ಎಂದು ಗೊತ್ತಿದ್ದೂ, ಕೀಯತ್ತ ಕೈ ಚಾಚಿ ಅವರಿಗೆ ಕೊಡಲು ಮನಸ್ಸು ಬರಲಿಲ್ಲ. ಮಗು ನನ್ನದು.

ಅತ್ತೆಯೇ ಎದ್ದರು. ಪುಟ್ಟಿಯನ್ನು ಎತ್ತಿಕೊಂಡಿದ್ದ ನನ್ನನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿ, ಗೇರು ರಿವರ್ಸಿಗೆ ಹಾಕಿ ಪರದೆ ನೋಡುತ್ತಿರು ಎಂದರು. ಚಪ್ಪಟೆಯಾದ ಟಬ್ಬನ್ನು ಕೈಯಲ್ಲಿ ಹಿಡಿದು ವ್ಯಾನಿನ ಹಿಂದೆ ಇಟ್ಟರು. ಕಾಣ್ತಾ ಎಂದು ಕೇಳಿದರು. ಕಾಣುತ್ತಿತ್ತು. ಹಿಂದಿನ ಚಕ್ರದ ಪಕ್ಕಕ್ಕೆ ಸರಿಸಿದರು. ಅರ್ಧ ಕಂಡಿತು. ಬಾಗಿಲ ಕೆಳಗೆ, ಇಲ್ಲ. ಮೂತಿಯ ಪಕ್ಕ, ಇಲ್ಲ. ಪ್ರತಿ ಸಲ ಕುಂಟುತ್ತ ಬಗ್ಗಿ ಇಟ್ಟರು, ಎತ್ತಿದರು. ಮರೆತ ಆ ಸುತ್ತನ್ನೇ ಅವರು ಮತ್ತೆ ಬರುತ್ತಿದ್ದಾರೆಂದು ನನಗೆ ಆಗ ಹೊಳೆಯಿತು.

ಕೊನೆಗೆ ಕಿಟಕಿಯ ಹತ್ತಿರ ನಿಂತರು. "ಅದನ್ನ ಕೀಳೋದು ಬೇಡ. ನನ್ನ ಕತ್ತು ಮಾಡದ ಕೆಲಸ ಅದು ಮಾಡುತ್ತೆ. ಆದ್ರೆ ಅದು ಹೇಳೋದು ನಂಗೆ ಮಾತ್ರ. ಗಾಡಿ ಹೊರಡ್ತು ಅಂತ ಮಗೂಗೆ ಯಾರು ಹೇಳ್ಬೇಕು?"

ನಾನು ಪುಟ್ಟಿಯನ್ನೆತ್ತಿಕೊಂಡೇ ಇಳಿದು, ಒಳಗೆ ಹೋಗಿ, ಮೇಜಿನ ಮೇಲಿನ ಕೀ ತಂದು ಅವರ ಅಂಗೈಯಲ್ಲಿಟ್ಟೆ. ಗಂಡ ಬಾಗಿಲಲ್ಲಿ ನಿಂತು ನೋಡಿದರು, ತಡೆಯಲಿಲ್ಲ. ಬೆಡ್‌ಶೀಟು ಕೇಳಿ ಆಸ್ಪತ್ರೆಯವರು ಎರಡನೇ ಸಲ ಫೋನು ಮಾಡುತ್ತಿದ್ದರು.

ಅತ್ತೆ ವ್ಯಾನಿನ ಸುತ್ತ ಒಂದು ಸುತ್ತು ಬಂದರು. ನಾಲ್ಕು ಚಕ್ರಕ್ಕೂ ಬಗ್ಗಿದರು. ಹಿಂಬಾಗಿಲಿಗೆ ಎರಡು ಏಟು ಹಾಕಿ, ಹತ್ತಿ ಕೂತು, ಕಿಟಕಿ ಇಳಿಸಿದರು. ಓಣಿಯ ಉದ್ದಕ್ಕೂ ಮಕ್ಕಳು ಏನೂ ಮರೆತವರಂತಿರಲಿಲ್ಲ. ಹತ್ತಿದೆ, ಹತ್ತಿದೆ ಎಂದು ಒಂದರ ಹಿಂದೊಂದು ಕೂಗುಗಳು ಬಂದವು. ನನ್ನ ಸೊಂಟದ ಮೇಲಿಂದ ಪುಟ್ಟಿ ಎಲ್ಲರಿಗಿಂತ ಜೋರಾಗಿ ಕೂಗಿದಳು.

ಗಾಡಿ ಅಲ್ಲಾಡಲಿಲ್ಲ. ಅತ್ತೆ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು.

"ಒಂದು ಕಡಿಮೆ ಇದೆ," ಎಂದರು.

ನಾನು ನಲ್ಲಿಯ ಪಕ್ಕದ ನೆಲದ ಮೇಲೆಯೇ ನಿಂತಿದ್ದೆ. ಮಗಳನ್ನು ಎತ್ತಿಕೊಂಡು ಎರಡು ಮೆಟ್ಟಿಲು ಏರಿ, "ಹತ್ತಿದೆ ಅತ್ತೆ," ಎಂದೆ.

ಅವರು ಗೇರು ಹಾಕಿದರು.