ಬೆರಳುದ್ದದ ದಾರ

ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಶೋಲ್ಡರ್ ಅಕ್ಕ. ಅಂಗಿಯ ಹಿಂದು ಮುಂದುಗಳನ್ನು ಭುಜದಲ್ಲಿ ಸೇರಿಸುವುದು ಅವಳ ಕೆಲಸ. ಅಲ್ಲಿಂದ ಅಂಗಿ ಪಕ್ಕದ ಮಿಷನ್ನಿನ ತೋಳಿನವಳಿಗೆ, ಆಮೇಲೆ ಗುಂಡಿಯವಳಿಗೆ, ಕೊನೆಗೆ ಇಸ್ತ್ರಿಯವಳಿಗೆ.

ನಾಲ್ವರಿಗೂ ಒಂದೇ ಹುಚ್ಚು: ತಮ್ಮದೇ ಒಂದು ಹೊಲಿಗೆ ಅಂಗಡಿ. ಊಟದ ಡಬ್ಬಿ ತೆರೆಯುವ ಮೊದಲೇ ಅಂಗಡಿ ಬಾಗಿಲಿಗೆ ಯಾವ ಬಣ್ಣ ಎಂದು ಜಗಳ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಿದೀರಲ್ರೇ" ಎಂದು ಮೇಸ್ತ್ರಿ ಅಣಕಿಸುತ್ತಿದ್ದ.

"ಹೊಲಿಯೋರು ನಾವೇ ಅಲ್ವಾ, ಹೊಲ್ಕೋತೀವಿ ಬಿಡಿ" ಎನ್ನುತ್ತಿದ್ದಳು ಅಕ್ಕ.

ಆ ಹುಚ್ಚೇ ಕೆಲಸವನ್ನು ಹಗುರ ಮಾಡಿತ್ತು. ತೋಳಿನ ನಡುಮಧ್ಯ ಭುಜದ ಹೊಲಿಗೆಗೆ ಸರಿಯಾಗಿ ಕೂರಬೇಕು. ತೋಳಿನವಳಿಗೋ ದೃಷ್ಟಿ ಮಂದ. ಅವಳ ಕೈಗೆ ಸಿಗಲಿ ಎಂದು ಅಕ್ಕ ಹೊಲಿಗೆಯ ತುದಿಯಲ್ಲಿ ಬೆರಳುದ್ದ ದಾರ ಬಿಡುತ್ತಿದ್ದಳು. ತೋಳಿನವಳು ಅದನ್ನು ತಡವಿ ಹಿಡಿದು ತೋಳು ಹಚ್ಚಿ, ದಾರವನ್ನು ತಾನೇ ಕತ್ತರಿಸುತ್ತಿದ್ದಳು.

ಮೇಸ್ತ್ರಿ ಕೆಲಸ ಬಿಟ್ಟಾಗ ಆ ಜಾಗ ಇಸ್ತ್ರಿಯವಳಿಗೆ ಸಿಕ್ಕಿತು. "ಮನೇಲಿ ಮೂರು ಮಕ್ಕಳು ಅಕ್ಕಾ. ಅಂಗಡಿ ಅಂಗಡಿ ಅಂತ ಎಷ್ಟು ದಿನ ಕಾಯ್ಲಿ?" ಎಂದಳು. ತಪ್ಪೇನಿಲ್ಲ. ಮೊಮ್ಮಗುವನ್ನು ನೋಡಿಕೊಳ್ಳಲು ಹೋದ ಗುಂಡಿಯವಳು ತಿರುಗಿ ಬರಲಿಲ್ಲ. ಅದೂ ಇರಲಿ. ಆದರೆ ಕೈ ನಿಧಾನವಾಯಿತೆಂದು ತೋಳಿನವಳನ್ನು ಕೆಲಸದಿಂದ ತೆಗೆದವಳು ಈ ಹೊಸ ಮೇಸ್ತ್ರಿಯೇ. ಒಂದೇ ಡಬ್ಬಿಯಲ್ಲಿ ಉಂಡವಳು! ನೆನೆದರೆ ಈಗಲೂ, ಈ ಕತೆ ಹೇಳುತ್ತಿರುವ ನನ್ನ ಮೈ ಉರಿಯುತ್ತದೆ.

ಅಕ್ಕನಿಗೆ ಕೆಲಸವೇ ಬೇಡವಾಯಿತು. ಅಂಗಿಗಳು ಅವಳ ಮುಂದೆ ಗುಡ್ಡೆ ಬೀಳತೊಡಗಿದವು.

"ಏನಾಗಿದೆ ಅಕ್ಕಾ ನಿಂಗೆ? ಎಲ್ಲರಿಗಿಂತ ಮುಂದೆ ಇರ್ತಿದ್ದೆ" ಎಂದು ಹೊಸ ಮೇಸ್ತ್ರಿ ಕೇಳಿದಳು.

"ಆಗ ಅಂಗಡಿಗೋಸ್ಕರ ಹೊಲೀತಿದ್ದೆ ಕಣೇ. ಈಗ ಬರೀ ಅಂಗಿ ಹೊಲೀತಿದೀನಿ."

ತೋಳಿನವಳ ಜಾಗಕ್ಕೆ ಹೊಸಬಳು ಬಂದಳು. ಚುರುಕು ಕೈ. ಅಕ್ಕ ಆಸೆ ತಡೆಯಲಾರದೆ ಕೇಳಿದಳು: "ಮುಂದೆ ಏನ್ಮಾಡ್ಬೇಕು ಅಂತಿದೀಯಮ್ಮ?"

"ಮುಂದೇನು ಬಂತು? ಇವತ್ತಿಂದು ಮುಗಿದ್ರೆ ಸಾಕು. ಅಲ್ಲಾ, ಈ ದಾರ ಯಾಕೆ ಇಷ್ಟುದ್ದ ಬಿಡ್ತೀರ? ಕತ್ತರಿಸೋದ್ರಲ್ಲೇ ನನ್ನ ಹೊತ್ತು ಹೋಗುತ್ತೆ."

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ನೋಡಿದಳು. ದಾರ ನೇತಾಡುತ್ತಿತ್ತು. ಇಷ್ಟು ದಿನವೂ ಅವಳ ಕೈ, ಅಲ್ಲಿಲ್ಲದ ಹಳೆಯ ತೋಳಿನವಳಿಗೆಂದು ದಾರ ಬಿಡುತ್ತಲೇ ಇತ್ತು.

"ತಪ್ಪಾಯ್ತಮ್ಮ" ಎಂದು ಬುಡಕ್ಕೇ ಕತ್ತರಿಸಿದಳು.

ಸಂಜೆ ಮೇಸ್ತ್ರಿ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆ ದಾರ ಯಾರಿಗಾಗಿ ಇತ್ತೆಂದು ಅವಳಿಗೂ ಗೊತ್ತಿತ್ತು. "ಈಗ ಸರಿಯಾಯ್ತು ನೋಡಕ್ಕಾ" ಎಂದಳು.

ಅಕ್ಕ ಮಿಷನ್ನಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಂಗಡಿ ಬಾಗಿಲ ಬಣ್ಣ ಯಾವುದೆಂದು ಕೊನೆಗೂ ತೀರ್ಮಾನವಾಗಿರಲಿಲ್ಲ.