ಹಪ್ಪಳದ ಕಪಾಟಿನಲ್ಲಿ ಇಡದ ಲೆನ್ಸ್

ತೆಕ್ಕಟ್ಟೆಯ ನಮ್ಮ ಮನೆಯಲ್ಲಿ ಅಡುಗೆಕೋಣೆಗೆ ತಾಗಿಕೊಂಡು ಒಂದು ಮರದ ಕಪಾಟು ಇದೆ. ಮೇಲಿನ ಅಂತಸ್ತುಗಳಲ್ಲಿ ಹಲಸಿನ ಹಪ್ಪಳ ಮತ್ತು ಸಂಡಿಗೆಯ ಡಬ್ಬಗಳು, ಕೆಳಗಿನದರಲ್ಲಿ ನನ್ನ ಕ್ಯಾಮೆರಾ. ತಳದಲ್ಲಿ ಒಂದು ಸಣ್ಣ ಬಲ್ಬು ಮಳೆಗಾಲ ಮುಗಿಯುವವರೆಗೂ ಹಗಲು ರಾತ್ರಿ ಉರಿಯುತ್ತದೆ. ಆ ಬಿಸಿಗೆ ಹಪ್ಪಳ ಮೆತ್ತಗಾಗುವುದಿಲ್ಲ, ಲೆನ್ಸಿನ ಗಾಜಿಗೆ ಬೂಸ್ಟು ಹಿಡಿಯುವುದಿಲ್ಲ. ಕರಾವಳಿಯಲ್ಲಿ ಲೆನ್ಸಿಗೆ ಕಳ್ಳರಿಗಿಂತ ಬೂಸ್ಟಿನ ಭಯವೇ ಹೆಚ್ಚು.

ಈ ಏರ್ಪಾಡು ನನ್ನ ಹೆಂಡತಿಯದು. ಹಪ್ಪಳಕ್ಕೆಂದು ಮಾಡಿಕೊಂಡಿದ್ದ ಕಪಾಟಿನಲ್ಲಿ, ನಾನು ಮೊದಲ ಕ್ಯಾಮೆರಾ ತಂದ ವರ್ಷ ಅವಳೇ ಒಂದು ಅಂತಸ್ತು ಖಾಲಿ ಮಾಡಿಕೊಟ್ಟಳು. ಎಲ್‌ಇಡಿ ಬಲ್ಬು ಅಷ್ಟು ಬಿಸಿಯಾಗುವುದಿಲ್ಲ ಎಂದು ಗೊತ್ತಾದಾಗ, ಬ್ರಹ್ಮಾವರದ ಅಂಗಡಿಗಳಲ್ಲಿ ಉಳಿದಿದ್ದ ಹಳೆಯ ತಂತಿಯ ಬಲ್ಬುಗಳನ್ನು ಹುಡುಕಿ ತಂದು ಸೀರೆಗಳ ನಡುವೆ ಜೋಪಾನ ಮಾಡಿದಳು. ಅವಳು ಬ್ರಹ್ಮಾವರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಾನು ಕುಂದಾಪುರದಲ್ಲಿ ಪತ್ರಿಕೆಯೊಂದರ ವರದಿಗಾರ. ಹಕ್ಕಿಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ವರದಿಗಾರನ ಸಂಬಳಕ್ಕೆ ಹೊಂದುವ ಹವ್ಯಾಸವಲ್ಲ.

ಅವಳು ಹಾಕಿದ್ದು ಒಂದೇ ನಿಯಮ. "ಎಂತ ಬೇಕಾರೂ ತಕಣಿ. ಹೇಳಿ ತಕಣಿ."

ಇಷ್ಟು ವರ್ಷ ಹೇಳಿಯೇ ತೆಗೆದುಕೊಂಡಿದ್ದೆ. ಪ್ರತಿ ಸಲ ಅವಳು ಹೌದು ಎಂದಿದ್ದಳು. ಪ್ರತಿ ಹೌದಿನ ಜೊತೆಗೆ ಅವಳಿಗೊಂದು ಸ್ಕೂಟರ್ ಕೊಳ್ಳುವ ಮಾತು ಮುಂದಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಬ್ರಹ್ಮಾವರದ ಕಡೆಗೆ ಹೋಗುವ ಬಸ್ಸಿನಲ್ಲಿ ತೆಕ್ಕಟ್ಟೆಯಲ್ಲಿ ಹತ್ತಿದವರಿಗೆ ಸೀಟು ಸಿಗುವುದು ಅಪರೂಪ. ಅವಳು ನಿಂತೇ ಹೋಗುತ್ತಾಳೆ, ಸಂಜೆ ನಿಂತೇ ಬರುತ್ತಾಳೆ. ಬ್ಯಾಂಕಿನಲ್ಲಿ ನನ್ನ ಹೆಸರಿನ ಒಂದು ಠೇವಣಿ ಇತ್ತು. ಅದು ಅವಳ ಸ್ಕೂಟರಿಗೆ ಎಂದು ನಾವು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಆದರೆ ಇಬ್ಬರಿಗೂ ಗೊತ್ತಿತ್ತು.

ಮೇ ತಿಂಗಳಲ್ಲಿ ಕುಂದಾಪುರದ ಸ್ಟುಡಿಯೊ ಮಾಲೀಕರೊಬ್ಬರು ಕರೆದರು. ನನ್ನ ಹಳೆಯ ಸ್ನೇಹಿತರು. ಭುಜದ ನೋವಿನಿಂದ ಇನ್ನು ಭಾರ ಹೊರುವುದು ಸಾಧ್ಯವಿಲ್ಲವೆಂದು ತಮ್ಮ ಉದ್ದನೆಯ ಲೆನ್ಸ್ ಮಾರುವವರಿದ್ದರು.

"ನಿಮ್ಗಂದೇಳಿಯೇ ಇಟ್ಟದ್ದ್ ಮಾರಾಯ್ರೆ. ಬ್ಯಾಡ ಅಂದ್ರೆ ನಾಳೆ ಉಡುಪಿಯವ್ರ್ ಬತ್ರ್."

ಮರುದಿನವೇ ಠೇವಣಿ ಮುರಿದು ಲೆನ್ಸ್ ತಂದೆ. ಮನೆಯಲ್ಲಿ ಹೇಳಲಿಲ್ಲ. ಅವಳು ಬೇಡ ಎನ್ನುತ್ತಾಳೆ ಎಂಬ ಭಯ ನನಗಿರಲಿಲ್ಲ. ಹೌದು ಎನ್ನುತ್ತಾಳೆ, ಎಂದಿನಂತೆ ನಕ್ಕು ಹೌದು ಎನ್ನುತ್ತಾಳೆ ಎಂಬುದೇ ಭಯವಾಗಿತ್ತು. ಆ ಹೌದನ್ನು ಮತ್ತೊಮ್ಮೆ ಕೇಳುವ ಧೈರ್ಯ ಸಾಲಲಿಲ್ಲ. ಹೇಳದೇ ಇರುವುದು ಅವಳಿಗೆ ಮಾಡುವ ಉಪಕಾರ ಎಂದು ನನ್ನನ್ನೇ ನಂಬಿಸಿಕೊಂಡೆ.

ಆ ವಾರವೇ ಬೈಂದೂರಿನಲ್ಲಿ ಹೊಳೆ ಸಮುದ್ರ ಸೇರುವ ಕಡೆಗೆ ಹೋದೆ. ಕಡಲ ಹದ್ದು ಮನುಷ್ಯರನ್ನು ಹತ್ತಿರ ಸೇರಿಸುವ ಹಕ್ಕಿಯಲ್ಲ. ಎರಡು ಗಂಟೆ ಬಂಡೆಯ ಮರೆಯಲ್ಲಿ ಕೂತ ಮೇಲೆ ಅದು ದೂರದ ನೀರಿನಿಂದ ಮೀನು ಎತ್ತಿತು. ಹೊಸ ಲೆನ್ಸಿನಲ್ಲಿ ಮೀನಿನ ಹುರುಪೆ ಕೂಡ ಬಿಡಿಬಿಡಿಯಾಗಿ ಕಂಡಿತು. ಅಂಥ ಫೋಟೊ ನಾನು ಮೊದಲು ತೆಗೆದದ್ದಿಲ್ಲ. ತೋರಿಸದೆ ಇರಲು ಆಗಲಿಲ್ಲ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಪ್ರಿಂಟ್ ಇಟ್ಟೆ.

ಕಾಫಿ ಲೋಟ ಕೆಳಗಿಟ್ಟು ಅವಳು ಫೋಟೊವನ್ನು ಬೆಳಕಿಗೆ ಹಿಡಿದಳು. ನನ್ನ ಹಳೆಯ ಲೆನ್ಸ್ ಎಷ್ಟು ದೂರ ಮುಟ್ಟುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು.

"ಇಷ್ಟ್ ಹತ್ರ ಹ್ಯಾಂಗ್ ಬಂತ್ ಇದ್?"

"ಎರಡ್ ಗಂಟಿ ಅಲ್ಲಾಡ್ದೆ ಕೂಕಂಡೆ. ಅದೇ ಹತ್ರ ಬಂತ್."

ಅವಳು ಇನ್ನೊಮ್ಮೆ ನೋಡಿ, "ಇದ್ ನಂಗಿರ್ಲಿ" ಎಂದು ಎತ್ತಿಟ್ಟುಕೊಂಡಳು.

ಲೆನ್ಸನ್ನು ಆಫೀಸಿನ ಕಬ್ಬಿಣದ ಕಪಾಟಿನಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳ ಹಿಂದೆ ಇಟ್ಟೆ. ಮಳೆ ಹಿಡಿಯಿತು. ಮಳೆಯಲ್ಲಿ ಹಕ್ಕಿಯ ಹಿಂದೆ ಹೋಗುವುದಿಲ್ಲ, ಗುಡ್ಡ ಕುಸಿದ ಸುದ್ದಿ, ಕಡಲು ಕೊರೆದ ಸುದ್ದಿಯ ಹಿಂದೆಯೇ ದಿನ ಮುಗಿಯುತ್ತದೆ. ಚೌತಿ ಕಳೆದು ಬಿಸಿಲು ಬಿದ್ದ ದಿನ ಲೆನ್ಸ್ ಹೊರಗೆ ತೆಗೆದೆ. ಗಾಜಿನ ಒಳಗೆ ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಹಬ್ಬಿದ್ದವು. ಮೂರು ತಿಂಗಳು ಒದ್ದೆ ಗಾಳಿ ಕುಡಿದ ಕಾಗದದ ಬೆನ್ನಿಗೆ ಅದನ್ನು ಇಟ್ಟಿದ್ದೆ. ಇಲ್ಲಿ ಹುಟ್ಟಿ ಬೆಳೆದವನು ಮಾಡುವ ಕೆಲಸವಲ್ಲ.

ಸ್ಟುಡಿಯೊ ಮಾಲೀಕರು ಟಾರ್ಚ್ ಹಾಕಿ ನೋಡಿದರು.

"ಎಲ್ಲಿಟ್ಟಿದ್ರಿ ಇದನ್ನ?"

"ಆಫೀಸಂಗೆ."

"ಮನಿಯಗೆ ಆ ಹಪ್ಪಳದ್ ಕಪಾಟ್ ಇಟ್ಕಂಡ್ ಆಫೀಸಂಗಾ?" ಟಾರ್ಚ್ ಆರಿಸಿ ನನ್ನ ಮುಖ ನೋಡಿದರು. "ಓಹೋ. ಮನಿಯಗೆ ಹೇಳ್ಲಿಲ್ಲೆ ಅಲ್ದಾ?"

ಬಿಚ್ಚಿ ಒರೆಸಿಕೊಡುತ್ತೇನೆ, ಆದರೆ ಕಲೆ ಪೂರ್ತಿ ಹೋಗುವುದಿಲ್ಲ ಎಂದರು. ಒರೆಸುವುದು ಆಮೇಲೆ ಎಂದು ಲೆನ್ಸನ್ನು ಹಾಗೆಯೇ ವಾಪಸ್ ತಂದೆ.

ವರದಿ ತಪ್ಪಾದರೆ ತಿದ್ದುಪಡಿ ಹಾಕುವ ಪದ್ಧತಿ ನಮ್ಮ ಕಚೇರಿಯಲ್ಲಿದೆ. ತಪ್ಪು ಯಾವ ಪುಟದಲ್ಲಿ ಬಂದಿತ್ತೋ ಅದೇ ಪುಟದಲ್ಲಿ ಹಾಕಬೇಕು. ಕಾರಣ ಬೆಳೆಸಬಾರದು. ಮರುವಾರ ಅದೇ ಊಟದ ಮೇಜಿನ ಮೇಲೆ, ಅವಳ ಕಾಫಿ ಲೋಟದ ಪಕ್ಕದಲ್ಲಿ ಲೆನ್ಸ್ ಇಟ್ಟೆ. ಮೇ ತಿಂಗಳಲ್ಲಿ ತೆಗೆದುಕೊಂಡೆ, ಠೇವಣಿ ಮುರಿದೆ, ಹದ್ದು ಹತ್ತಿರ ಬಂದಿರಲಿಲ್ಲ, ಈಗ ಇದಕ್ಕೆ ಬೂಸ್ಟು ಹಿಡಿದಿದೆ ಎಂದೆ. ನಾಲ್ಕೇ ವಾಕ್ಯ. ಅವಳು ಇನ್ನು ನನ್ನ ಮಾತು ನಂಬುತ್ತಾಳೆಯೇ ಎಂಬುದನ್ನು ಬಿಟ್ಟು ಆ ಹೊತ್ತಿನಲ್ಲಿ ನನಗೆ ಬೇರೆ ಚಿಂತೆ ಇರಲಿಲ್ಲ.

ಅವಳು ಕಾಫಿ ಲೋಟವನ್ನು ಲೆನ್ಸಿನಿಂದ ದೂರ ಸರಿಸಿದಳು.

"ನೀನ್ ಹೌದ್ ಅಂತಿದ್ದೆ ಅಂದೇಳಿ ಗೊತ್ತಿತ್ತ್," ಎಂದೆ. ಬೆಳೆಸಬಾರದಿದ್ದ ಕಾರಣ ಅದು.

"ಎಂತ ಗೊತ್ತಿತ್ತ್ ನಿಮ್ಗೆ? ಕೇಂಡಿದ್ರೆ ಈ ಸರ್ತಿ ಬ್ಯಾಡ ಅಂತಿದ್ದೆ. ಹೌದಾರೂ ಬ್ಯಾಡ ಆರೂ ಹೇಳೂದ್ ನಾನ್. ನನ್ ಮಾತ್ ನೀವೇ ಹೇಳ್ಕಂಡ್ರೆ ಹ್ಯಾಂಗೆ?"

ಮತ್ತೊಬ್ಬರ ಪ್ರತಿಕ್ರಿಯೆ ಕೇಳದೆ ಸುದ್ದಿ ಬರೆಯಬಾರದು ಎಂದು ಹೊಸ ಹುಡುಗರಿಗೆ ಪಾಠ ಮಾಡುವವನು ನಾನು.

ಅವಳ ಮಾತು ಮುಗಿದಿರಲಿಲ್ಲ. "ಆ ಫೋಟೊ ಕ್ಲಾಸಂಗೆ ಅಂಟ್ಸಿದ್ದೆ. ತಾಳ್ಮಿಯಗೆ ಕೂಕಂಡ್ರೆ ಹಕ್ಕಿಯೇ ಹತ್ರ ಬತ್ತ್, ನಮ್ಮನಿಯವ್ರೇ ಸಾಕ್ಷಿ ಅಂದೇಳಿ ಮಕ್ಳಿಗೆ ಹೇಳಿದ್ದೆ. ಒಂದ್ ಹೆಣ್ಣ್ ಆಯ್ತವಾರ ಪೂರಾ ಗದ್ದಿ ಬದಿಯಂಗೆ ಕೂಕಂಡಿತ್ತಂಬ್ರ್. ನೀವೇ ಬಂದ್ ಆ ಹೆಣ್ಣಿಗೆ ಹೇಳಿ."

ಹೀಗೆ ತಿದ್ದುಪಡಿಗೆ ಇನ್ನೊಂದು ಪುಟ ಸೇರಿತು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಒಂದು ಮಧ್ಯಾಹ್ನ ಲೆನ್ಸ್ ಹಿಡಿದುಕೊಂಡು ಬ್ರಹ್ಮಾವರಕ್ಕೆ ಹೋದೆ. ತರಗತಿಯ ಹಿಂದಿನ ಗೋಡೆಯಲ್ಲಿ ನನ್ನ ಹದ್ದು ಇತ್ತು. ಹಕ್ಕಿ ದೂರದಲ್ಲಿತ್ತು, ಹತ್ತಿರ ತಂದದ್ದು ಈ ಗಾಜು ಎಂದು ಹೇಳಿ ಲೆನ್ಸನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದೆ. ಮಕ್ಕಳು ಕಿಟಕಿಯ ಕಡೆ ಹಿಡಿದು ಬೂಸ್ಟಿನ ಎಳೆಗಳನ್ನು ನೋಡಿದರು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಗದ್ದೆಯಂಚಿನಲ್ಲಿ ಕೂತವಳು ಇವಳೇ ಎಂದು ಹೆಂಡತಿ ಕಣ್ಣಲ್ಲೇ ತಿಳಿಸಿದಳು.

"ಸರ್, ಹಂಗಾರೆ ಎರಡ್ ಗಂಟಿ ಕೂಕಂಡದ್ದೂ ಸುಳ್ಳಾ?"

"ಕೂತದ್ದು ನಿಜ. ಹತ್ತಿರ ಬಂದದ್ದು ಸುಳ್ಳು."

"ನಾನ್ ಕೂಕಂಡಾಗ ಒಂದ್ ಬೆಳ್ಳಕ್ಕಿ ಹತ್ರ ಬಂದಿತ್," ಎಂದು ಹೇಳಿ ಅವಳು ಕೂತಳು. ತರಗತಿ ನಕ್ಕಿತು. ಹೆಂಡತಿಯೂ ನಕ್ಕಳು. ಒಂದು ವಾರದಿಂದ ನಾನು ಆ ನಗು ನೋಡಿರಲಿಲ್ಲ.

ಸಂಜೆ ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಸೀಟಿರಲಿಲ್ಲ. ನಮ್ಮ ಬಸ್ಸುಗಳಲ್ಲಿ ನಿಂತವರ ಚೀಲವನ್ನು ಕೂತವರು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಅವಳು ನನ್ನ ಹೆಗಲಿನಿಂದ ಲೆನ್ಸಿನ ಚೀಲ ತೆಗೆದು ಕಿಟಕಿಯ ಬಳಿಯ ಹೆಂಗಸಿನ ಕೈಗೆ ಕೊಟ್ಟಳು.

"ಅಬ್ಬಾ, ಎಂತ ಇತ್ತ್ ಹೆಣ್ಣೆ ಇದ್ರಗೆ? ಇಷ್ಟ್ ಭಾರ!"

"ಇವ್ರದ್ದೊಂದ್ ಸುಳ್ಳಿತ್ ಅಕ್ಕ. ಹಂಗಾಯಿ ಭಾರ."

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಚೀಲವನ್ನು ಮಾತ್ರ ತೆಕ್ಕಟ್ಟೆಯವರೆಗೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಹೆಂಡತಿ ಅಷ್ಟು ದೂರವೂ ಮೇಲಿನ ಸರಳು ಹಿಡಿದು ನಿಂತಿದ್ದಳು. ದಿನವೂ ಹಾಗೆ ನಿಲ್ಲುತ್ತಾಳೆಂದು ನನಗೆ ಗೊತ್ತಿತ್ತು. ಪಕ್ಕದಲ್ಲಿ ನಿಂತು ನೋಡಿರಲಿಲ್ಲ.

ಒರೆಸಿ ಬಂದ ಲೆನ್ಸ್ ಈಗ ಕಪಾಟಿನಲ್ಲಿದೆ. ಜಾಗ ಮಾಡಲು ಸಂಡಿಗೆಯ ಒಂದು ಡಬ್ಬ ಅಡುಗೆಕೋಣೆಗೆ ಹೋಯಿತು. ಫೋಟೊದ ಎಡ ಮೂಲೆಯಲ್ಲಿ ಒಂದು ಮಸುಕು ಬರುತ್ತದೆ, ನಾನು ಅದನ್ನು ಅಳಿಸುವುದಿಲ್ಲ. ಸ್ಕೂಟರ್ ಇನ್ನೂ ಬಂದಿಲ್ಲ. ಈಗ ಅದಕ್ಕೆ ಹಣ ಎತ್ತಿಡುತ್ತಿರುವುದು ಅವಳ ಹೆಸರಿನಲ್ಲಿ.

ಕಳೆದ ತಿಂಗಳು ಗಟ್ಟಿಯಾದ ಟ್ರೈಪಾಡ್ ಒಂದು ಮಾರಾಟಕ್ಕಿದೆ ಎಂದು ತಿಳಿಯಿತು. ಅವಳು ಹಪ್ಪಳ ಕರಿಯುತ್ತಿದ್ದಾಗ ಕೇಳಿದೆ.

"ಬ್ಯಾಡ," ಎಂದಳು. ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ.

ಇಷ್ಟು ವರ್ಷಗಳಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಬೇಡ ಅದು. ಆಯಿತು ಎಂದೆ. ಅವಳು ಒಂದು ಹಪ್ಪಳ ಮುರಿದು ಅರ್ಧ ನನಗೆ ಕೊಟ್ಟಳು.