ಎರಡೂ ಆದವರು

ಮೊದಲು ಫೋನ್ ಕೆಟ್ಟಿದೆ ಅಂದುಕೊಂಡೆ. ಎಡಗಿವಿಗೆ ಹಿಡಿದರೆ ತಮ್ಮನ ಮಾತು ಬಾವಿಯೊಳಗಿಂದ ಬಂದಂತಿತ್ತು. ಮತ್ತಿಕೆರೆಯ ಮೊಬೈಲ್ ಅಂಗಡಿಯವನು ನೋಡಿ, "ಫೋನ್ ಸೂಪರಾಗಿದೆ ಮೇಡಂ" ಎಂದ.

ಕೆಟ್ಟಿದ್ದು ನಾನು.

ಎಂಆರ್‌ಐನಲ್ಲಿ ಕಿವಿಯ ನರದ ಮೇಲೆ ಗಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ, ಆದರೆ ತೆಗೆಯಲೇಬೇಕು. ಡಾಕ್ಟರ್ ನಿಧಾನವಾಗಿ ಹೇಳಿದರು: "ಆಪರೇಷನ್ ಆದ್ಮೇಲೆ ಆ ಕಿವಿ ಪೂರ್ತಿ ಹೋಗ್ಬಹುದು. ಇಲ್ಲಾ, ಮುಖದ ಎಡಗಡೆ ಬಿದ್ದುಹೋಗ್ಬಹುದು."

"ಎರಡೂ ಆಗೋದು?"

"ಅದೂ ಇದೆ. ಆದ್ರೆ ಕಮ್ಮಿ."

ಮೂರಕ್ಕೂ ಬೇರೆಬೇರೆ ಪರ್ಸೆಂಟ್ ಹೇಳಿದರು. ಅವನ್ನು ಇಲ್ಲಿ ಬರೆಯುವುದಿಲ್ಲ. ಓದಿದವರು ಸುಮ್ಮನೆ ತಲೆಗೆ ಹಚ್ಚಿಕೊಳ್ಳುತ್ತಾರೆ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವವಳು, ಒಂಟಿಯಾಗಿರುವವಳು. ಮನೆಗೆ ಬಂದು ಕಿವಿಯದನ್ನೂ ಮುಖದ್ದನ್ನೂ ಕೂಡಿದೆ. ಮೊತ್ತ ನೋಡಿ ಹೆದರಿದೆ. ಆಮೇಲೆ ನಗು ಬಂತು. ಇದೇ ತಪ್ಪಿಗೆ ಎಷ್ಟು ಮಕ್ಕಳನ್ನು ಬೈದಿಲ್ಲ! ಕ್ಲಾಸಿನಲ್ಲಿ ಇಪ್ಪತ್ತು ಜನ ಕಾಫಿ ಕುಡಿಯುತ್ತಾರೆ, ಹದಿನೈದು ಜನ ಟೀ. ಅವರಲ್ಲಿ ಐವರು ಎರಡನ್ನೂ ಕುಡಿದರೆ ಒಟ್ಟು ಮೂವತ್ತೈದಲ್ಲ, ಮೂವತ್ತು. ಆ ಐವರನ್ನು ಎರಡು ಸಲ ಎಣಿಸಿದ್ದೇವೆ, ಒಂದು ಸಲ ಕಳೆಯಬೇಕು.

ಎರಡೂ ಆಗುವವರನ್ನು ಹಾಗೇ ಒಂದು ಸಲ ಕಳೆದೆ. ಎರಡರಲ್ಲಿ ಒಂದಾದರೂ ಆಗುವ ಸಂಭವ ಇಳಿಯಿತು. ಖುಷಿಯಾಯಿತು. ಹೇಳಿಕೊಳ್ಳಲು ಮನೆಯಲ್ಲಿ ಯಾರಿದ್ದಾರೆ? ದಾವಣಗೆರೆಯ ತಮ್ಮನಿಗೇ ಫೋನ್ ಮಾಡಿದೆ.

"ಲೆಕ್ಕ ಬಿಡಕ್ಕ, ಧೈರ್ಯವಾಗಿರು" ಎಂದ. ಆಪರೇಷನ್ನಿಗೆ ಬಂದ, ಡಿಸ್ಚಾರ್ಜ್ ಮಾಡಿಸಿ ಹೋದ.

ಎರಡೂ ಆಯಿತು.

ಎಡಗಿವಿ ಪೂರ್ತಿ ಹೋಯಿತು. ಬಾಯಿ ಬಲಕ್ಕೆ ಎಳೆದುಕೊಂಡಿತು. ಕುಡಿದ ಕಾಫಿ ಸೀರೆಯ ಮೇಲೆ ಸೋರುತ್ತದೆ. ಎಡಗಣ್ಣು ಮುಚ್ಚುವುದಿಲ್ಲ, ಟೇಪ್ ಅಂಟಿಸಿ ಮಲಗುತ್ತೇನೆ. ಬಲಗಿವಿ ದಿಂಬಿಗೆ ಒತ್ತಿದರೆ ಇಡೀ ಮತ್ತಿಕೆರೆ ಎದ್ದುಹೋದ ಹಾಗೆ. ಅಂಥ ಹೊತ್ತಿನಲ್ಲಿ, ನಾನು ಲೆಕ್ಕದಲ್ಲಿ ಸಲೀಸಾಗಿ ಕಳೆದಿದ್ದ ಆ ಎರಡೂ ಆದವರು ನೆನಪಾಗುತ್ತಿದ್ದರು. ನನ್ನ ಭಯ ಇಳಿದದ್ದೇ ಅವರಿಂದ. ಅವರೂ ಮನುಷ್ಯರು ಎಂದು ಆಗ ಹೊಳೆದಿರಲಿಲ್ಲ. ಈಗ ಆ ಗುಂಪಿನಲ್ಲಿ ನಾನೊಬ್ಬಳೇ ಇದ್ದೇನೆ ಅನ್ನಿಸಿ ಅಳು ಬರುತ್ತಿತ್ತು.

ಕಳೆದ ವಾರ ಹೆಬ್ಬಾಳದಲ್ಲಿ ಫಿಸಿಯೋಥೆರಪಿಗೆ ಕಾಯುತ್ತಿದ್ದೆ. ನನ್ನ ಎಡಗಡೆ ಒಬ್ಬ ಅಜ್ಜಿ ಬಂದು ಕೂತದ್ದು ಗೊತ್ತೇ ಆಗಲಿಲ್ಲ. ತಿರುಗಿದಾಗ ಅವರ ತುಟಿ ಆಡುತ್ತಿತ್ತು. "ಏನಂದ್ರಿ ಅಜ್ಜಿ?" ಎಂದೆ. ಅವರಿಗೂ ಕೇಳಿಸಲಿಲ್ಲ. ಆಗ ನೋಡಿದೆ. ಅವರ ಬಾಯಿ ಎಡಕ್ಕೆ ಎಳೆದಿತ್ತು.

ಅಜ್ಜಿ ತಮ್ಮ ಬಲಗಿವಿ ಮುಟ್ಟಿ ಕೈ ಅಲ್ಲಾಡಿಸಿದರು. ನಾನು ನನ್ನ ಎಡಗಿವಿ ಮುಟ್ಟಿ ತೋರಿಸಿದೆ. ಸತ್ತ ಕಿವಿಗಳನ್ನು ಎದುರುಬದುರು ಇಟ್ಟುಕೊಂಡು ಕೂತಿದ್ದೆವು! ಅಜ್ಜಿ ಎದ್ದು ಸುತ್ತಿ ಬಂದು ನನ್ನ ಬಲಗಡೆ ಕೂತರು.

"ಈಗ ಕೇಳ್ತೈತಾ?"

"ಕೇಳ್ತಿದೆ ಅಜ್ಜಿ. ಚೆನ್ನಾಗಿ ಕೇಳ್ತಿದೆ."

"ನಂಗೂ ಇಂಗೇ ಆಯ್ತು ಕಣವ್ವ. ಕಿವೀನೂ ಓಯ್ತು, ಮುಖಾನೂ ಓಯ್ತು. ಉಣಸಮಾರನಳ್ಳೀಲಿ ನಾನೊಬ್ಳೇ ಇಂಗೆ ಅನ್ಕಂಡಿದ್ದೆ."

ಬೋರ್ಡಿನ ಮೇಲೆ ಕಾಫಿಯವರದೊಂದು, ಟೀಯವರದೊಂದು ವೃತ್ತ ಬರೆದರೆ, ಅವು ಸೇರುವಲ್ಲಿ ಎರಡೂ ಕುಡಿಯುವವರಿಗೆ ಒಂದು ಸಣ್ಣ ಜಾಗ ಉಳಿಯುತ್ತದೆ. ಇಷ್ಟು ವರ್ಷ ಅಲ್ಲಿ ಬರೀ ಸಂಖ್ಯೆ ಬರೆದಿದ್ದೇನೆ.

ಎಡಗಡೆಯ ಬಾಗಿಲಿನಿಂದ ನನ್ನ ಹೆಸರು ಕರೆದರು. ಕೇಳಿಸಿದ್ದು ಅಜ್ಜಿಗೆ. "ಓಗವ್ವ, ನಿಂದೇ" ಎಂದು ತೊಡೆ ತಟ್ಟಿದರು. "ಬುಧವಾರ ಬತ್ತೀಯಾ?"

"ಬರ್ತೀನಿ ಅಜ್ಜಿ. ಬಲಗಡೆ ಜಾಗ ಹಿಡಿದಿರ್ತೀನಿ."